ಬಿಂಗ್‌ಹ್ಯಾಮನ ಅಂಕಿಗಳು

1908ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪೊಲೀಸ್ ಕಮಿಷನರನಾಗಿದ್ದ ಥಿಯೋಡರ್ ಬಿಂಗ್‌ಹ್ಯಾಮನು ‘ನಾರ್ತ್ ಅಮೆರಿಕನ್ ರಿವ್ಯೂ’ ಪತ್ರಿಕೆಯಲ್ಲಿ ಪರದೇಶೀಯ ಅಪರಾಧಿಗಳನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದನು. ನಗರದ ಜನಸಂಖ್ಯೆಯಲ್ಲಿ ಕಾಲು ಭಾಗದಷ್ಟಿದ್ದ ಯೆಹೂದ್ಯರೇ ಅಲ್ಲಿಯ ಅಪರಾಧಿಗಳಲ್ಲಿ ಅರ್ಧದಷ್ಟಿರುವರೆಂದು ಅದರಲ್ಲಿ ಹೇಳಿದ್ದನು. ಇಟಾಲಿಯನ್ನರನ್ನೂ ಬಿಟ್ಟಿರಲಿಲ್ಲ.

ಆಪಾದನೆಗೆ ಗುರಿಯಾದವರಲ್ಲಿ ಬಹುಮಂದಿ ರಷ್ಯದ ಹಿಂಸೆಗೂ ಬಡತನಕ್ಕೂ ಬೇಸತ್ತು ಬಂದು, ಈಸ್ಟ್ ಸೈಡಿನ ಇಕ್ಕಟ್ಟಾದ ಮನೆಗಳಲ್ಲಿ ನೆಲಸಿ, ಹೊಲಿಗೆಯ ಕೆಲಸದಿಂದ ಹೊಟ್ಟೆ ಹೊರೆಯುತ್ತಿದ್ದವರು. ಅವರ ಯಿಡ್ಡಿಷ್ ಪತ್ರಿಕೆಗಳು ಕೆರಳಿದವು. ಪ್ರತಿಭಟನೆಯ ಸಭೆಗಳು ನಡೆದವು. ಆ ತಿಂಗಳೊಳಗಾಗಿಯೇ ಬಿಂಗ್‌ಹ್ಯಾಮನು, ಅಂಕಿಗಳನ್ನು ತನಗೆ ಬೇರೆಯವರು ಒದಗಿಸಿದ್ದರೆಂದೂ ಅವು ನಂಬಲರ್ಹವಲ್ಲವೆಂದೂ ಒಪ್ಪಿಕೊಂಡು ತನ್ನ ಮಾತನ್ನು ಹಿಂತೆಗೆದುಕೊಂಡನು. ಲೇಖನವನ್ನು ಓದಿದವರೆಲ್ಲರೂ ಈ ತಪ್ಪೊಪ್ಪಿಗೆಯನ್ನೂ ಓದಿದರೆಂದು ಭಾವಿಸುವಂತಿಲ್ಲ.

ಈ ಪ್ರಕರಣದ ಫಲವಾಗಿ 1909ರಲ್ಲಿ ಜೂಡಾ ಮ್ಯಾಗ್ನೆಸ್ ಎಂಬ ಧರ್ಮಗುರುವಿನ ನೇತೃತ್ವದಲ್ಲಿ ‘ಕೆಹಿಲ್ಲಾ’ ಎಂಬ ಸಮುದಾಯ ಸಂಸ್ಥೆಯು ಹುಟ್ಟಿಕೊಂಡಿತು. 1912ರಲ್ಲಿ ಹರ್ಮನ್ ರೋಸೆಂಥಾಲ್ ಎಂಬ ಜೂಜುಕಟ್ಟೆಯ ಒಡೆಯನ ಕೊಲೆಯಾಯಿತು. ಸತ್ತವನು ಯೆಹೂದ್ಯ, ಗುಂಡು ಹಾರಿಸಿದರೆಂದು ಮರಣದಂಡನೆಗೆ ಗುರಿಯಾದ ನಾಲ್ವರಲ್ಲಿ ಮೂವರು ಯೆಹೂದ್ಯರು. ಕೆಹಿಲ್ಲಾ ಇದನ್ನು ಮುಚ್ಚಿಡಲಿಲ್ಲ. ತಾನೇ ಒಂದು ಶಾಖೆಯನ್ನು ತೆರೆದು, ಜೂಜುಕಟ್ಟೆಗಳ ಮತ್ತು ವೇಶ್ಯಾಗೃಹಗಳ ವಿವರಗಳನ್ನು ಕಲೆಹಾಕಿ ನಗರದ ಅಧಿಕಾರಿಗಳಿಗೆ ಒಪ್ಪಿಸಿತು. ಸುಳ್ಳು ಲೆಕ್ಕವನ್ನು ಖಂಡಿಸಿದವರೇ ನಿಜವಾದ ಲೆಕ್ಕವನ್ನು ಬರೆಯಲು ಕುಳಿತುದು ಸಣ್ಣ ಧೈರ್ಯವಲ್ಲ. ಇನ್ನು ಅದೇ ಕೊಲೆಯನ್ನು ಮಾಡಿಸಿದನೆಂದು 1915ರಲ್ಲಿ ಮರಣದಂಡನೆಗೊಳಗಾದವನಾದರೋ ಚಾರ್ಲ್ಸ್ ಬೆಕರ್ ಎಂಬ ಪೊಲೀಸ್ ಲೆಫ್ಟಿನೆಂಟ್!

ಲೆಕ್ಕದ ದೋಷವಾದರೂ ಎಲ್ಲಿತ್ತು? ವಲಸೆ ಬಂದವರಲ್ಲಿ ಪ್ರಾಯಸ್ಥರೇ ಹೆಚ್ಚು. ಸ್ಥಳೀಯರ ಎಣಿಕೆಯಲ್ಲಿ ತೊಟ್ಟಿಲ ಕೂಸುಗಳೂ ಸೇರುತ್ತವೆ. ಕೂಸುಗಳು ಸೆರೆಮನೆಗೆ ಹೋಗುವುದಿಲ್ಲವಾದುದರಿಂದ ಇವೆರಡು ಮೊತ್ತಗಳನ್ನು ಹೋಲಿಸುವುದೇ ಅಸಂಗತ. ಅಲ್ಲದೆ, ಪೌರನಿಯಮವನ್ನು ಮೀರಿ ಬೀದಿಯಲ್ಲಿ ತಳ್ಳುಗಾಡಿ ನಿಲ್ಲಿಸಿದವನನ್ನೂ ಕೊಲೆಗಾರನನ್ನೂ ಒಂದೇ ‘ಅಪರಾಧಿ’ ಶೀರ್ಷಿಕೆಯ ಕೆಳಗೆ ಬರೆದರೆ ಮೊತ್ತವು ಬೆಳೆಯದೆ ಇರುವುದೇ?

ಅಮೆರಿಕದ ಶಾಸನಸಭೆಯು ನೇಮಿಸಿದ್ದ ಡಿಲ್ಲಿಂಗ್‌ಹ್ಯಾಮ್ ಆಯೋಗವು 1911ರಲ್ಲಿ 41 ಸಂಪುಟಗಳ ವರದಿಯನ್ನು ಹೊರತಂದಿತು. ಪ್ರಾಯಸ್ಥರ ಸಂಖ್ಯೆಯ ಹೆಚ್ಚಳವನ್ನು ಮೀರಿ ವಲಸೆಯಿಂದ ಅಪರಾಧವು ಹೆಚ್ಚಿದೆಯೆನ್ನಲು ತೃಪ್ತಿಕರವಾದ ಆಧಾರವಿಲ್ಲವೆಂದು ಅದು ಹೇಳಿತು. ಆದರೂ ಅದೇ ಆಯೋಗವು ವಲಸೆಯನ್ನು ನಿರ್ಬಂಧಿಸಬೇಕೆಂದು ಶಿಫಾರಸು ಮಾಡಿತು. 1924ರ ಕಾನೂನು ಪ್ರತಿಯೊಂದು ದೇಶದ ಪಾಲನ್ನು ನಿಗದಿಮಾಡಲು, ಇಟಾಲಿಯನ್ನರೂ ರಷ್ಯದ ಯೆಹೂದ್ಯರೂ ಇನ್ನೂ ಹೆಚ್ಚಾಗಿ ಬಂದಿರದ 1890ರ ಜನಗಣತಿಯನ್ನು ಆಧಾರವಾಗಿ ಆರಿಸಿಕೊಂಡಿತು. 1931ರಲ್ಲಿ ವಿಕರ್‌ಷ್ಯಾಮ್ ಆಯೋಗವು ಲೆಕ್ಕವನ್ನು ಪುನಃ ಪರಿಶೀಲಿಸಿ ಪರದೇಶೀಯರ ಮೇಲಿನ ಆಪಾದನೆಯು ನಿಲ್ಲುವುದಿಲ್ಲವೆಂದಿತು. ದೇಶವಾರು ಪಾಲಿನ ಪದ್ಧತಿಯನ್ನು ಕೈಬಿಡಲು ತೀರ್ಮಾನಿಸಿದುದು 1965ರಲ್ಲಿ.