ಬೈಬ್ಯಾಕ್ ಬೆಲೆ ಕಂಡು ಮರುಳಾಗುವ ಮುನ್ನ ಈ ಲೆಕ್ಕ ಹಾಕಿ

ಕಂಪನಿಯೊಂದು ತನ್ನದೇ ಷೇರನ್ನು ಮಾರುಕಟ್ಟೆಗಿಂತ ಹೆಚ್ಚಿನ ಬೆಲೆಗೆ ವಾಪಸ್ ಕೊಳ್ಳುತ್ತದೆ ಅಂತ ಸುದ್ದಿ ಬಂದರೆ ಪರಿಚಯದವರು ನನ್ನನ್ನು ಕೇಳೋದು ಒಂದೇ ಪ್ರಶ್ನೆ: "ಕೊಟ್ಬಿಡೋದಾ, ಇಟ್ಕೊಳ್ಳೋದಾ?" ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ನಿಮ್ಮ ಹತ್ತಿರ ಎಷ್ಟು ಷೇರಿದೆ? ಸಿಗುವ ಹಣಕ್ಕೆ ಎಷ್ಟು ತೆರಿಗೆ? ಬೈಬ್ಯಾಕ್ ಲಾಭವೋ ನಷ್ಟವೋ ಅನ್ನೋದನ್ನು ತೀರ್ಮಾನಿಸುವುದು ಇವೆರಡೇ.

ಬೆಂಗಳೂರಿನ ಇನ್ಫೊಸಿಸ್ ಕಂಪನಿಯನ್ನೇ ತೆಗೆದುಕೊಳ್ಳೋಣ. 2025ರ ಸೆಪ್ಟೆಂಬರ್‌ನಲ್ಲಿ ಅದು 18,000 ಕೋಟಿ ರೂಪಾಯಿಯ ಬೈಬ್ಯಾಕ್ ಘೋಷಿಸಿತು. ತಲಾ 1,800 ರೂಪಾಯಿಗೆ 10 ಕೋಟಿ ಷೇರು. ಯಾರ ಬಳಿ ಎಷ್ಟಿದೆ ಎಂದು ಲೆಕ್ಕ ಹಿಡಿಯುವ ರೆಕಾರ್ಡ್ ಡೇಟ್ ನವೆಂಬರ್ 14.

ಸಣ್ಣವರಿಗೆ ಮೀಸಲು

ಇಂಥ ಟೆಂಡರ್ ಬೈಬ್ಯಾಕ್‌ನಲ್ಲಿ ಶೇ 15ರಷ್ಟನ್ನು ಸಣ್ಣ ಷೇರುದಾರರಿಗೆ ಮೀಸಲಿಡಬೇಕು ಎನ್ನುವುದು ಸೆಬಿ ನಿಯಮ. ರೆಕಾರ್ಡ್ ಡೇಟ್‌ನಂದು ಆ ಕಂಪನಿಯಲ್ಲಿ ನಿಮ್ಮ ಷೇರಿನ ಒಟ್ಟು ಮೌಲ್ಯ 2 ಲಕ್ಷ ರೂಪಾಯಿ ಮೀರದಿದ್ದರೆ ನೀವು ಸಣ್ಣವರು. ಇನ್ಫೊಸಿಸ್‌ನಲ್ಲಿ ಸಣ್ಣವರಿಗೆ ಪ್ರತಿ 11 ಷೇರಿಗೆ 2 ಕೊಡುವ ಹಕ್ಕು ಸಿಕ್ಕಿತು. ಉಳಿದವರಿಗೆ 706ಕ್ಕೆ 17 ಮಾತ್ರ.

ಮಾರುಕಟ್ಟೆ ಬೆಲೆ 1,500 ಅಂತ ಇಟ್ಟುಕೊಳ್ಳಿ. 130 ಷೇರಿದ್ದವರು ಸಣ್ಣವರು, 23 ಷೇರು ಕೊಡಬಹುದು. 140 ಇದ್ದವರು 2 ಲಕ್ಷ ದಾಟಿಬಿಟ್ಟರು, ಅವರಿಗೆ 3 ಮಾತ್ರ. ಹತ್ತೇ ಷೇರಿನ ಅಂತರ!

ತೆರಿಗೆ ಕಚ್ಚಿಕೊಂಡು ಹೋದದ್ದು

2024ರ ಸೆಪ್ಟೆಂಬರ್ ತನಕ ಬೈಬ್ಯಾಕ್ ತೆರಿಗೆಯನ್ನು ಕಂಪನಿಯೇ ಕಟ್ಟುತ್ತಿತ್ತು. ಅಕ್ಟೋಬರ್ 1ರಿಂದ ಕೈಗೆ ಬಂದ ಪೂರ್ತಿ ಹಣವನ್ನು ಲಾಭಾಂಶ ಎಂದು ಪರಿಗಣಿಸಿ, ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ ಹಾಕುವ ನಿಯಮ ಬಂತು. ಗಮನಿಸಿ, ಲಾಭಕ್ಕಲ್ಲ, ಪೂರ್ತಿ ಹಣಕ್ಕೆ. ಕೊಂಡ ಬೆಲೆಯನ್ನು ಬಂಡವಾಳ ನಷ್ಟ ಅಂತ ತೋರಿಸಬಹುದಿತ್ತು, ನಿಜ. ಆದರೆ ಅದನ್ನು ವಜಾ ಮಾಡಿಕೊಳ್ಳಲು ಬೇರೆ ಕಡೆ ಬಂಡವಾಳ ಲಾಭ ಇರಬೇಕಲ್ಲ?

1,200ಕ್ಕೆ ಕೊಂಡ 20 ಷೇರನ್ನು 1,800ಕ್ಕೆ ಕೊಟ್ಟರೆ 36,000 ರೂಪಾಯಿ. ಶೇ 30ರ ಸ್ಲ್ಯಾಬ್‌ನ ಸಂಬಳದಾರರಿಗೆ ಸೆಸ್ ಬಿಟ್ಟೇ 10,800 ತೆರಿಗೆ, ಉಳಿಯುವುದು 25,200. ಅದೇ ಷೇರನ್ನು ಮಾರುಕಟ್ಟೆಯಲ್ಲಿ 1,500ಕ್ಕೆ ಮಾರಿದ್ದರೆ 30,000 ಬರುತ್ತಿತ್ತು, ತೆರಿಗೆ 6,000 ರೂಪಾಯಿ ಲಾಭದ ಮೇಲಷ್ಟೇ. ತೆರಿಗೆ ಮಿತಿಯೊಳಗಿನ ಆದಾಯದ ಗೃಹಿಣಿಗೋ ನಿವೃತ್ತರಿಗೋ ಮಾತ್ರ ಪೂರ್ತಿ 36,000 ದಕ್ಕುತ್ತಿತ್ತು. ಒಂದೇ ಆಫರ್, ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ.

ಮತ್ತೆ ಬದಲಾದ ಲೆಕ್ಕ

2026ರ ಬಜೆಟ್ ಇದನ್ನು ತಿದ್ದಿತು. ಆ ವರ್ಷದ ಏಪ್ರಿಲ್ 1ರಿಂದ ಬೈಬ್ಯಾಕ್ ಹಣಕ್ಕೆ ಬಂಡವಾಳ ಲಾಭದ ತೆರಿಗೆ, ಪ್ರವರ್ತಕರಿಗೆ ಮಾತ್ರ ಹೆಚ್ಚುವರಿ ಹೊರೆ. ಮೇಲಿನ ಉದಾಹರಣೆಯಲ್ಲಿ ಈಗ ತೆರಿಗೆ ಬೀಳುವುದು 12,000 ರೂಪಾಯಿ ಲಾಭಕ್ಕೆ. ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಷೇರಾದರೆ ಶೇ 12.5ರಂತೆ ಹೆಚ್ಚೆಂದರೆ 1,500 ರೂಪಾಯಿ. ಸಣ್ಣವರಿಗೆ ಇದು ನ್ಯಾಯವಾದ ದಾರಿ ಅಂತಲೇ ನನ್ನ ಅಭಿಪ್ರಾಯ. ಹೂಡಿದ ಅಸಲಿಗೇ ಆದಾಯ ತೆರಿಗೆ ಹಾಕಿದ್ದು ಮೊದಲಿನಿಂದಲೂ ತಪ್ಪು.

ಹಾಗಂತ ಬೈಬ್ಯಾಕ್ ಸುದ್ದಿ ಕೇಳಿ ಷೇರು ಕೊಳ್ಳಲು ಓಡಬೇಡಿ. ನೂರು ಷೇರು ಕೊಂಡರೆ ನೂರನ್ನೂ ಕಂಪನಿ ತೆಗೆದುಕೊಳ್ಳುವುದಿಲ್ಲ, ಉಳಿದವು ಮಾರುಕಟ್ಟೆಯ ಏರಿಳಿತಕ್ಕೆ ಸಿಕ್ಕಿಕೊಳ್ಳುತ್ತವೆ. ಈಗಾಗಲೇ ಷೇರು ಇಟ್ಟುಕೊಂಡವರು ಮಾತ್ರ ಕಂಪನಿಯ ಇಮೇಲ್ ಅನ್ನು ಜಾಹೀರಾತು ಅಂತ ಅಳಿಸಿಹಾಕಬೇಡಿ. ಹಕ್ಕಿಗಿಂತ ಹೆಚ್ಚು ಷೇರಿಗೂ ಅರ್ಜಿ ಹಾಕಬಹುದು. ಬೇರೆಯವರು ಬಿಟ್ಟ ಪಾಲು ಹಾಗೆ ಕೇಳಿದವರಿಗೇ ಹೋಗುತ್ತದೆ. ಸುಮ್ಮನೆ ಕೂತವರಿಗೆ ಮೀಸಲಾತಿ ಇದ್ದೂ ಇಲ್ಲದಂತೆ.