ಕಡಲಕಳೆಯ ಸಾರ ಮತ್ತು ಶೇಕಡಾವಾರು ಮೋಹ

ಕಡಲಕಳೆಯಿಂದ ಆಂಟಿಆಕ್ಸಿಡೆಂಟ್ ತೆಗೆಯುವ ಬಗ್ಗೆ ಈಚೆಗೆ ಬರುತ್ತಿರುವ ಪ್ರಬಂಧಗಳನ್ನು ಓದಿದರೆ ಈ ವಿದ್ಯೆ ಮೈಕ್ರೋವೇವ್ ಯಂತ್ರದ ಜೊತೆಗೇ ಹುಟ್ಟಿತೇನೋ ಅನ್ನಿಸುತ್ತದೆ. ಆದರೆ ಸ್ವೀಡನ್ನಿನ ಕೈಲಿನ್ ಕಂದು ಕಳೆಯಿಂದ ಫ್ಯೂಕಾಯ್ಡನ್ ಎಂಬ ಬಹುಶರ್ಕರವನ್ನು ಬೇರ್ಪಡಿಸಿದ್ದು 1913ರಲ್ಲಿ. ಮರುವರ್ಷ ವಿಲ್‌ಸ್ಟಾಟರ್ ಮತ್ತು ಪೇಜ್ ಫ್ಯೂಕೋಕ್ಸಾಂಥಿನ್ ವರ್ಣದ್ರವ್ಯ ತೆಗೆದರು. ಎಣ್ಣೆ ಕಮಟಾಗದಂತೆ ಬೆರೆಸುತ್ತಿದ್ದ ಕೃತಕ ಆಂಟಿಆಕ್ಸಿಡೆಂಟ್ ಬಿಎಚ್‌ಎ ಇಲಿಗಳ ಹೊಟ್ಟೆಯಲ್ಲಿ ಗಡ್ಡೆ ಎಬ್ಬಿಸುತ್ತದೆಂದು 1980ರ ದಶಕದಲ್ಲಿ ಜಪಾನಿನಲ್ಲಿ ಗೊತ್ತಾದ ಮೇಲೆ ನೈಸರ್ಗಿಕ ಬದಲಿಗಳ ಹುಡುಕಾಟ ಬಿರುಸಾಯಿತು. ಹಿಜಿಕಿ ಕಳೆಯ ಮುಖ್ಯ ಆಂಟಿಆಕ್ಸಿಡೆಂಟ್ ಫ್ಯೂಕೋಕ್ಸಾಂಥಿನ್ ಎಂದು ಅಲ್ಲಿಯೇ 1999ರಲ್ಲಿ ತೋರಿಸಿದರು.

ಆಮೇಲಿನ ಜಾಣ ಹೆಜ್ಜೆ ಕೊರಿಯಾದ ಜೇಜು ದ್ವೀಪದ್ದು. ಕಂದು ಕಳೆಯ ಕೋಶಭಿತ್ತಿಯಲ್ಲಿ ಆಲ್ಜಿನೇಟ್ ಗಟ್ಟಿಯಾಗಿ ಹೆಣೆದಿರುತ್ತದೆ. ಆಹಾರೋದ್ಯಮದಲ್ಲಿ ಬಳಕೆಯಲ್ಲಿದ್ದ ಕಿಣ್ವಗಳಿಂದ ಆ ಭಿತ್ತಿಯನ್ನು ಸಡಿಲಿಸಿ, ಬರೀ ನೀರಿನಲ್ಲೇ ಸಾರ ಇಳಿಸುವ ದಾರಿಯನ್ನು ಅಲ್ಲಿನ ಸಂಶೋಧಕರು ತೆರೆದರು.

ನಮ್ಮಲ್ಲಿ ಈ ಕೆಲಸಕ್ಕೆ ಶಿಸ್ತು ತಂದದ್ದು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ). 2008ರಲ್ಲಿ ಅಲ್ಲಿನವರು ಸರ್ಗಾಸಮ್, ಪಡೀನಾ, ಟರ್ಬಿನೇರಿಯಾ ಕಳೆಗಳ ಮೆಥನಾಲ್ ಸಾರವನ್ನು ಬೇರೆ ಬೇರೆ ದ್ರಾವಕಗಳಿಂದ ಪಾಲು ಮಾಡಿ, ಯಾವ ಪಾಲಿನಲ್ಲಿ ಎಷ್ಟು ಶಕ್ತಿಯಿದೆಯೆಂದು ನೋಡಿದರು. ಅದೇ ವರ್ಷ ಕೆಂಪು ಕಳೆಗಳ ಸರದಿ. ಅಷ್ಟಕ್ಕೇ ನಿಲ್ಲದೆ ವಿಟಮಿನ್ ಎ ಕೊರತೆಯ ಇಲಿಗಳಿಗೆ ಫ್ಯೂಕೋಕ್ಸಾಂಥಿನ್ ತಿನ್ನಿಸಿ, ಅದು ದೇಹದಲ್ಲಿ ಏನಾಗುತ್ತದೆಂದು ಹಿಂಬಾಲಿಸಿದರು. ಪ್ರನಾಳದ ಅಂಕಿಗೇ ತೃಪ್ತಿಪಡುವವರು ಈ ಭಾಗವನ್ನು ಉಲ್ಲೇಖಿಸುವುದೇ ಇಲ್ಲ.

ಈಗ ನಡೆಯುತ್ತಿರುವುದು ಡಿಪಿಪಿಎಚ್ ಶೇಕಡಾವಾರಿನ ಪೈಪೋಟಿ. ಬ್ಲೋಯಿಸ್ 1958ರಲ್ಲಿ ಕೊಟ್ಟ ಆ ಪರೀಕ್ಷೆ ಒಂದು ನೇರಳೆ ಬಣ್ಣ ಎಷ್ಟು ಮಾಸಿತೆಂದು ಹೇಳುತ್ತದೆ, ಯಾವ ವಸ್ತುವಿನಿಂದ ಮಾಸಿತೆಂದು ಹೇಳುವುದಿಲ್ಲ. ಒಟ್ಟು ಫೀನಾಲ್ ಅಳೆಯಲು ಬಳಸುವ ಫಾಲಿನ್ ದ್ರಾವಣವೂ ಫೀನಾಲ್‌ಗಳ ಜೊತೆಗೆ ಪ್ರೋಟೀನಿಗೆ, ಕೆಲವು ಸಕ್ಕರೆಗಳಿಗೆ ಬಣ್ಣ ಕೊಡುತ್ತದೆ. ಆಹಾರಗಳ ಆಂಟಿಆಕ್ಸಿಡೆಂಟ್ ಶಕ್ತಿಯ ಒಆರ್‌ಎಸಿ ಅಂಕಿಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತಾನೇ ಹಿಂತೆಗೆದುಕೊಂಡಿತು. ಇಂಥ ಅಂಕಿಗಳಿಂದ ಆರೋಗ್ಯದ ಲಾಭ ಅಳೆಯಲಾಗದೆಂಬುದು ಅದರ ಒಂದು ಕಾರಣ. ನಮ್ಮ ಸಂಶೋಧಕರಿಗೆ ಆ ಸುದ್ದಿ ತಲುಪಿದಂತಿಲ್ಲ.

ಯಂತ್ರಗಳ ಕಥೆಯೂ ಹೀಗೆಯೇ. ಸೂಪರ್‌ಕ್ರಿಟಿಕಲ್ ಯಂತ್ರದಲ್ಲಿ 31 ಡಿಗ್ರಿ ಸೆಲ್ಸಿಯಸ್, 74 ಬಾರ್ ದಾಟಿದ ಇಂಗಾಲದ ಡೈಆಕ್ಸೈಡ್ ಎಣ್ಣೆಯಂಥ ವಸ್ತುಗಳನ್ನು ಸೊಗಸಾಗಿ ಕರಗಿಸುತ್ತದೆ. ಸ್ವಲ್ಪ ಎಥನಾಲ್ ಸೇರಿಸಿದರೆ ಫ್ಯೂಕೋಕ್ಸಾಂಥಿನ್ ಕೂಡ ಬರುತ್ತದೆ. ಆದರೆ ಕಂದು ಕಳೆಯ ನೀರಿನೊಲವಿನ ಫೀನಾಲ್‌ಗಳಾದ ಫ್ಲೋರೋಟ್ಯಾನಿನ್‌ಗಳಿಗೆ ಅದು ಸಲ್ಲದು. ‘ಹಸಿರು ತಂತ್ರಜ್ಞಾನ’ವೆಂಬ ಬಿರುದು ಕೊಟ್ಟುಬಿಟ್ಟರೆ ರಸಾಯನಶಾಸ್ತ್ರ ಬದಲಾಗುತ್ತದೆಯೆ?

ಕಳೆಯನ್ನು ಯಾವ ತಿಂಗಳು ಕೊಯ್ದರು, ಹೇಗೆ ಒಣಗಿಸಿದರು, ಒಂದು ಕಿಲೋ ಒಣ ಕಳೆಗೆ ಎಷ್ಟು ಸಾರ ಬಂತು ಎಂಬ ವಿವರವೇ ಎಷ್ಟೋ ಪ್ರಬಂಧಗಳಲ್ಲಿ ಕಾಣದು. ಬೆಳಕು, ಶಾಖ ತಾಗಿದರೆ ಕೆಡುವ ಫ್ಯೂಕೋಕ್ಸಾಂಥಿನ್ ಬಿಸಿಲಿಗೆ ಹರಡಿದ ಕಳೆಯಲ್ಲಿ ಎಷ್ಟು ಉಳಿದೀತು? ಹೊಸ ಯಂತ್ರಕ್ಕೆ ಅರ್ಜಿ ಬರೆಯುವ ಮುನ್ನ ನಮ್ಮ ವಿದ್ಯಾರ್ಥಿಗಳು ಮಳೆಗಾಲ ಬಿಟ್ಟು ಉಳಿದ ಪ್ರತಿ ತಿಂಗಳೂ ಇಳಿತದ ಹೊತ್ತಿನಲ್ಲಿ ಕಾರವಾರದ ಬಂಡೆಗಳಿಂದ ಕಳೆ ತರಲಿ, ಅರ್ಧವನ್ನು ನೆರಳಲ್ಲಿ, ಅರ್ಧವನ್ನು ಬಿಸಿಲಲ್ಲಿ ಒಣಗಿಸಿ ಅಳೆಯಲಿ.