ವೀರಗಲ್ಲೂ ಯುದ್ಧಪದಕವೂ

ತೀರ್ಥಹಳ್ಳಿ, ಸಾಗರ, ಹೊಸನಗರ ಸೀಮೆಗಳಲ್ಲಿ ಗದ್ದೆಯಂಚಿನಲ್ಲಿಯೂ ದೇವಾಲಯದ ಅಂಗಳದಲ್ಲಿಯೂ ನಿಂತಿರುವ ವೀರಗಲ್ಲುಗಳನ್ನು ಮೇಳಿಗೆಯ ಕಡೆಯ ವಾಚಕರು ಬಲ್ಲರು. ಕೆಳಗೆ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಯಾತ್ರೆ, ಮೇಲೆ ದೇವಸಾನ್ನಿಧ್ಯ. ಈ ಸೀಮೆಯ ಶಾಸನಗಳನ್ನು ರೈಸ್ ಮಹಾಶಯರು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟವಾಗಿ ಪ್ರಕಟಿಸಿದರು. ಮಡಿದವನ ಮನೆಯವರಿಗೆ ಬಿಟ್ಟ ಭೂಮಿಗೆ ನೆತ್ತರುಗೊಡಗೆಯೆಂದು ಹೆಸರು. ಆ ಗದ್ದೆಯನ್ನು ಉತ್ತು ಉಣ್ಣುವ ಮಕ್ಕಳು ತಂದೆಯನ್ನು ಮರೆಯುವುದೆಂತು?

ಆದರೆ ಕಾಳಗದಿಂದ ಬದುಕಿ ಬಂದವನಿಗೆ ಸಾಮಾನ್ಯವಾಗಿ ಕಲ್ಲಿಲ್ಲ.

ನಮ್ಮ ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಕಡಲನ್ನು ದಾಟಿ ಸೂಯೆಜ್ ಕಾಲುವೆಯನ್ನು ಕಾಯ್ದಿತು. 1918ನೆಯ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡಗೂಡಿ ಹೈಫಾ ಪಟ್ಟಣವನ್ನು ಹಿಡಿಯಿತು. ಯಂತ್ರಬಂದೂಕುಗಳ ಕಾಲದಲ್ಲಿ ಭರ್ಜಿ ಹಿಡಿದು ಕುದುರೆಯೇರಿ ಪಡೆದ ಜಯವಿದು! (ಪಾಣಿಪತ್ತಿಗೆ ಮೀಸಲಿಟ್ಟ ಪುಟಗಳಲ್ಲಿ ಒಂದು ಸಾಲನ್ನಾದರೂ ನಮ್ಮ ಪಠ್ಯಪುಸ್ತಕಗಳು ಇದಕ್ಕೆ ಕೊಡಬಹುದಿತ್ತು.) ದಿಲ್ಲಿಯಲ್ಲಿ 1922ರಲ್ಲಿ ನಿಲ್ಲಿಸಿದ ತೀನ್ ಮೂರ್ತಿ ಸ್ಮಾರಕದ ಮೂವರು ಸವಾರರಲ್ಲಿ ಒಬ್ಬನು ಮೈಸೂರಿನವನು. ಬೆಂಗಳೂರಿನಲ್ಲಿಯೂ ಈ ದಳಕ್ಕೆ ಸ್ಮಾರಕವುಂಟು. ಸೈನಿಕರ ವಂಶಸ್ಥರು ಅಲ್ಲಿ ಸೇರಿ ಹೈಫಾದ ದಿನವನ್ನು ಆಚರಿಸುವರು.

ಹಿಂದಿರುಗಿ ಬಂದು, ಮುದುಕರಾಗಿ, ಜಗಲಿಯ ಮೇಲೆ ಮೊಮ್ಮಕ್ಕಳಿಗೆ ಮರಳುಗಾಡಿನ ಕಥೆಯನ್ನು ಹೇಳಿ ಕಣ್ಮುಚ್ಚಿದವರ ಸಂಗತಿ ಬೇರೆ. ಅವರ ಶಾಸನವಿರುವುದು ಮನೆಯ ಪೆಟ್ಟಿಗೆಯಲ್ಲಿ. ಆ ಮಹಾಯುದ್ಧದ ಬೆಳ್ಳಿಯ ಪದಕದ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು, ದಳ ಇವು ಅಚ್ಚೊತ್ತಿರುತ್ತವೆ. ಅಕ್ಷರಗಳು ಅತಿ ಸಣ್ಣವಾದುದರಿಂದ ಬಹುಮಂದಿ ಗಮನಿಸಿಲ್ಲ. ಇಂತಹ ಪದಕವುಳ್ಳ ಮನೆಯವರು ಅದು ಅಕ್ಕಸಾಲಿಯ ಮೂಸೆಯನ್ನು ಸೇರುವ ಮುನ್ನ ಬೆಳಕಿಗೆ ಹಿಡಿದು ಅಂಚನ್ನು ಓದಿ, ಹಿರಿಯರು ಹೇಳುತ್ತಿದ್ದ ಊರುಗಳ ಹೆಸರುಗಳೊಡನೆ ತಮ್ಮ ವಂಶಾವಳಿಯಲ್ಲಿ ಬರೆದಿಡಬೇಕಾಗಿ ಪ್ರಾರ್ಥನೆ.